ಬೆಳೆ ಕಾಯುವ ವಿದ್ಯೆ, ಬೆಳೆ ಕೊಲ್ಲುವ ವಿದ್ಯೆ

(ಕಾರವಾರ ತಾಲ್ಲೂಕಿನ ತೋಡೂರಿನಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಪಾಠ)



ಮಳೆಗಾಲದಲ್ಲಿ ಮೋಡ ಕವಿದು, ರಾತ್ರಿ ತಂಪೇರಿ, ಬೆಳಿಗ್ಗೆ ಎಲೆಯ ಮೇಲೆ ಹನಿ ನಿಂತರೆ ಭತ್ತದ ಗದ್ದೆಗೆ ಏನು ಬರುತ್ತದೆಂಬುದನ್ನು ಇಲ್ಲಿನ ಬೇಸಾಯಗಾರರಿಗೆ ಹೇಳಿಕೊಡಬೇಕಾಗಿಲ್ಲ. ಎಲೆಗಳ ಮೇಲೆ ಎರಡು ತುದಿ ಚೂಪಾದ, ನಡುವೆ ಬೂದು ಬಣ್ಣದ ಚುಕ್ಕೆಗಳು ಮೂಡುತ್ತವೆ. ತೆನೆ ಬಂದ ಮೇಲೆ ಅದರ ಕುತ್ತಿಗೆ ಕಪ್ಪಾಗಿ ಮುರಿದು ಕಾಳು ಜೊಳ್ಳಾಗುತ್ತದೆ. ಇದೇ ಬೆಂಕಿ ರೋಗ. ಇದನ್ನು ತರುವುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ. ಈ ಶಿಲೀಂಧ್ರವನ್ನು ಒಂದು ಕಾಲದಲ್ಲಿ ಬೇಕೆಂದೇ ಬೆಳೆಸಿ, ಕಿಲೋ ಲೆಕ್ಕದಲ್ಲಿ ತೂಗಿ, ಯುದ್ಧಕ್ಕಾಗಿ ಕೂಡಿಡಲಾಗಿತ್ತು ಎಂಬ ಸಂಗತಿ ಮಾತ್ರ ಅನೇಕರಿಗೆ ತಿಳಿದಿಲ್ಲ.

ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿರುವ ತೋಡೂರಿಗೆ ದೇಶರಕ್ಷಣೆಯ ಬೆಲೆ ಚೆನ್ನಾಗಿ ಗೊತ್ತು. ನೌಕಾನೆಲೆಗೂ ಇಂದಿನ ವಿಷಯಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ‘ರಕ್ಷಣೆಗಾಗಿ’ ಎಂಬ ಮಾತು ಬಂದಾಗಲೂ ಪ್ರಶ್ನೆ ಕೇಳುವುದು ತಪ್ಪಲ್ಲ ಎಂಬುದನ್ನು ಈ ಊರಿನವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಒಂದೇ ವಿದ್ಯೆಯ ಎರಡು ಮುಖ

ರೋಗ ತಡೆಯುವ ತಳಿ ಬೇಕಾದರೆ ಮೊದಲು ರೋಗಾಣುವನ್ನು ಸಾಕಬೇಕು. ಅದು ಯಾವ ಹವೆಯಲ್ಲಿ ಹರಡುತ್ತದೆ, ಯಾವ ತಳಿ ಬೇಗ ಸೋಲುತ್ತದೆ, ಯಾವ ವಯಸ್ಸಿನ ಪೈರಿಗೆ ಹೆಚ್ಚು ಹಾನಿ ಎಂಬುದನ್ನೆಲ್ಲ ತಿಳಿಯಬೇಕು. ಬೆಳೆ ಕಾಯುವವನಿಗೆ ಬೇಕಾದ ಈ ತಿಳುವಳಿಕೆಯೇ ಬೆಳೆ ಕೊಲ್ಲ ಬಯಸುವವನಿಗೂ ಸಾಕು. ವಿಜ್ಞಾನಿಗಳು ಇದನ್ನು ಇಬ್ಬಗೆಯ ಬಳಕೆ ಎನ್ನುತ್ತಾರೆ.

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1943ರಲ್ಲಿ, ಅಮೆರಿಕದ ಸೈನ್ಯವು ಮೇರಿಲ್ಯಾಂಡ್ ರಾಜ್ಯದ ಕ್ಯಾಂಪ್ ಡೆಟ್ರಿಕ್ ಎಂಬಲ್ಲಿ ಜೈವಿಕ ಅಸ್ತ್ರಗಳ ಸಂಶೋಧನೆ ಆರಂಭಿಸಿತು. ಮನುಷ್ಯರಿಗೆ, ದನಕರುಗಳಿಗೆ ತಗಲುವ ರೋಗಗಳ ಜೊತೆಗೆ ಬೆಳೆಗಳ ರೋಗಗಳೂ ಅಲ್ಲಿ ಸೇರಿದ್ದವು. 1951ರಿಂದ 1969ರ ಅವಧಿಯಲ್ಲಿ ಆ ದೇಶವು ಗೋಧಿಯ ಕಾಂಡ ತುಕ್ಕು ರೋಗದ ಬೀಜಕಣಗಳನ್ನು ಸುಮಾರು 36 ಸಾವಿರ ಕಿಲೋ, ಭತ್ತದ ಬೆಂಕಿ ರೋಗದ ಬೀಜಕಣಗಳನ್ನು ಸುಮಾರು 900 ಕಿಲೋ ಕೂಡಿಟ್ಟಿತು. 1960ರ ದಶಕದ ಆರಂಭದಲ್ಲಿ, ಆಗ ಅಮೆರಿಕದ ಆಡಳಿತದಲ್ಲಿದ್ದ ಓಕಿನಾವಾ ದ್ವೀಪದಲ್ಲಿ ಬೆಂಕಿ ರೋಗದ ಶಿಲೀಂಧ್ರವನ್ನು ಬಯಲಿನಲ್ಲಿ ಬಿಟ್ಟು ಪರೀಕ್ಷೆಯನ್ನೂ ನಡೆಸಿತು. ಗುರಿ ಇಟ್ಟದ್ದು ಸೈನಿಕರ ಮೇಲಲ್ಲ, ಅನ್ನದ ಮೇಲೆ.

1969ರ ನವೆಂಬರ್ 25ರಂದು ಅಧ್ಯಕ್ಷ ನಿಕ್ಸನ್ ಅವರು ಜೈವಿಕ ಅಸ್ತ್ರಗಳನ್ನು ಕೈಬಿಡುವುದಾಗಿ ಘೋಷಿಸಿದರು. ಬಳಿಕ ಈ ದಾಸ್ತಾನುಗಳನ್ನು ನಾಶಪಡಿಸಲಾಯಿತು.

ಕಳೆನಾಶಕದ ಕಥೆ

ಭತ್ತ, ಕಬ್ಬಿನ ಬೆಳೆಗಳಲ್ಲಿ ಅಗಲ ಎಲೆಯ ಕಳೆಗಳಿಗೆ ಬಳಸುವ 2,4-ಡಿ ಎಂಬ ಕಳೆನಾಶಕ ರೈತರಿಗೆ ಪರಿಚಿತ. ಇದೂ ಯುದ್ಧಕಾಲದ ಗುಟ್ಟಿನ ಸಂಶೋಧನೆಯ ನಡುವೆ ಬೆಳೆದುಬಂದದ್ದೇ. ಯುದ್ಧ ಮುಗಿದ ಮೇಲೆ ರೈತನ ಕೈಗೆ ಬಂದು ಕೂಲಿ ಉಳಿಸಿತು. ಅದೇ 2,4-ಡಿಯನ್ನು 2,4,5-ಟಿ ಎಂಬ ಇನ್ನೊಂದು ಕಳೆನಾಶಕದೊಡನೆ ಸಮಭಾಗ ಬೆರೆಸಿದಾಗ ‘ಏಜೆಂಟ್ ಆರೆಂಜ್’ ಆಯಿತು. 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡು ಮತ್ತು ಹೊಲಗಳ ಮೇಲೆ ಅಮೆರಿಕದ ಸೈನ್ಯ ಇಂಥ ಕಳೆನಾಶಕಗಳನ್ನು 7 ಕೋಟಿ ಲೀಟರಿಗೂ ಹೆಚ್ಚು ಸುರಿಯಿತು. ಭತ್ತದ ಪೈರನ್ನು ಒಣಗಿಸಲು ಶಂಖಪಾಷಾಣದ ಅಂಶವುಳ್ಳ ‘ಏಜೆಂಟ್ ಬ್ಲೂ’ ಎಂಬ ಬೇರೊಂದು ದ್ರವವಿತ್ತು. 2,4,5-ಟಿಯಲ್ಲಿ ಬೆರೆತಿದ್ದ ಡಯಾಕ್ಸಿನ್ ಎಂಬ ವಿಷದ ಪರಿಣಾಮವನ್ನು ಅಲ್ಲಿನ ಜನ ಇಂದಿಗೂ ಅನುಭವಿಸುತ್ತಿದ್ದಾರೆ.

ಕ್ಯಾಸನೂರಿನ ಪಾಠ

ಇವೆಲ್ಲ ದೂರದೇಶದ ಮಾತು ಎನ್ನುವಂತಿಲ್ಲ. ಉತ್ತರ ಕನ್ನಡದವರಿಗೂ ಪರಿಚಿತವಾದ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೊಪ್ಪು, ಸೌದೆಗೆ ಕಾಡಿಗೆ ಹೋಗುವ ರೈತರಿಗೂ ಕೂಲಿಕಾರರಿಗೂ ಉಣುಗಿನಿಂದ ಹರಡುವ ರೋಗವಿದು. ಇದರ ವೈರಸ್ ರಷ್ಯಾ ದೇಶದ ಒಂದು ವೈರಸ್ಸಿಗೆ ಹತ್ತಿರದ್ದಾದ್ದರಿಂದ, ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆ ಎಂಬ ಸಂಶಯ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯನ್ನು ಅಭ್ಯಾಸ ಮಾಡಿತು. ಈ ಕೆಲಸಕ್ಕೆ ಕೆಲವು ಕಾಲ ಅಮೆರಿಕದ ಸೈನ್ಯದಿಂದ ಹಣ ಬಂದಿತ್ತು.

1974ರಲ್ಲಿ ಪತ್ರಿಕೆಗಳು ಇದನ್ನೂ, ದೆಹಲಿಯಲ್ಲಿ ನಡೆಯುತ್ತಿದ್ದ ಸೊಳ್ಳೆಗಳ ಪ್ರಯೋಗವನ್ನೂ ಪ್ರಶ್ನಿಸಿದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿ 1975ರಲ್ಲಿ ವರದಿ ಕೊಟ್ಟಿತು. ಹಕ್ಕಿಗಳ ಅಭ್ಯಾಸದಿಂದ ಪಕ್ಷಿಶಾಸ್ತ್ರಕ್ಕೆ ನಿಜವಾದ ಲಾಭವಾಯಿತು. ಆದರೆ ರೋಗ ಹೊತ್ತೊಯ್ಯುವ ಹಕ್ಕಿ, ಕೀಟಗಳ ದಾರಿ ಸೈನ್ಯಕ್ಕೇಕೆ ಬೇಕು ಎಂಬ ಪ್ರಶ್ನೆ ಮೊದಲೇ ಕೇಳಬೇಕಾಗಿತ್ತು. ಕೆಲಸ ಒಳ್ಳೆಯದಿದ್ದರೂ ಹಣ ಯಾರದು, ಫಲ ಯಾರಿಗೆ ಎಂದು ಕೇಳಲೇಬೇಕು. ಇದೇ ಕ್ಯಾಸನೂರಿನ ಪಾಠ.

ಹೊಸ ಕಾಲದ ಪ್ರಶ್ನೆ

ಬಿಳಿನೊಣ ಬೆಂಡೆಗೆ ಹಳದಿ ನಂಜು ರೋಗ ತರುವುದು ಎಲ್ಲರಿಗೂ ತಿಳಿದದ್ದೇ. 2016ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ ‘ಇನ್ಸೆಕ್ಟ್ ಅಲೈಸ್’ ಎಂಬ ಯೋಜನೆಯನ್ನು ಪ್ರಕಟಿಸಿತು. ಮಾರ್ಪಡಿಸಿದ ವೈರಸ್ಸುಗಳನ್ನು ಸಸ್ಯಹೇನು, ಜಿಗಿಹುಳು, ಬಿಳಿನೊಣಗಳ ಮೂಲಕ ಬೆಳೆದುನಿಂತ ಪೈರಿಗೆ ತಲುಪಿಸಿ, ಒಂದೇ ಹಂಗಾಮಿನೊಳಗೆ ಪೈರಿಗೆ ಬರ ಅಥವಾ ರೋಗ ತಾಳುವ ಗುಣ ಕೊಡುವುದು ಅದರ ಉದ್ದೇಶ. ಪ್ರಯೋಗಗಳೆಲ್ಲ ಮುಚ್ಚಿದ ಹಸಿರುಮನೆಗಳಲ್ಲಿಯೇ ನಡೆಯುತ್ತವೆ, ಇದು ಬೆಳೆ ರಕ್ಷಣೆಗಾಗಿ ಎಂದು ಸಂಸ್ಥೆ ಹೇಳಿತು. 2018ರ ಅಕ್ಟೋಬರಿನಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಕೆಲವು ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಶ್ನಿಸಿದರು. ರೈತನಿಗಾಗಿ ಎಂದಾದರೆ ಸಿಂಪಡಣೆ ಸಾಲದೆ? ಹತೋಟಿಗೆ ಸಿಗದೆ ಹಾರುವ ಕೀಟವೇ ಏಕೆ? ಗುಣ ಕೊಡಬಲ್ಲ ವೈರಸ್ ಗುಣ ಕೆಡಿಸಲಾರದೆ? ಇವು ಅವರ ಆಕ್ಷೇಪಣೆಯ ತಿರುಳು.

ಹಾಗೆಂದು ಸಂಶೋಧನೆಯೇ ಬೇಡವೆನ್ನುವುದು ಮೂಢತನ. 2025ರ ಮೇ ತಿಂಗಳಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಜೀನ್ ತಿದ್ದುಪಡಿಯ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ರಕ್ಷಣಾ ಸಂಶೋಧನೆಯೂ ಎಲ್ಲ ಕಡೆ ಅಪಾಯಕಾರಿಯಲ್ಲ. 1961ರಲ್ಲಿ ಸ್ಥಾಪನೆಯಾದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು ಸೈನಿಕರಿಗಾಗಿ ಕಂಡುಹಿಡಿದ ಆಹಾರ ಸಂರಕ್ಷಣೆಯ ವಿಧಾನಗಳು ಸಾಮಾನ್ಯ ಜನರಿಗೂ ಉಪಯೋಗವಾಗಿವೆ.

ಕಾನೂನು ಮತ್ತು ಅದರ ಕೊರತೆ

ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1972ರಲ್ಲಿ ಸಿದ್ಧವಾಗಿ 1975ರ ಮಾರ್ಚ್ 26ರಂದು ಜಾರಿಗೆ ಬಂತು. ಭಾರತ 1974ರಲ್ಲಿಯೇ ಇದನ್ನು ಅನುಮೋದಿಸಿತು. ಬೆಳೆಗಳ ಮೇಲೆ ಪ್ರಯೋಗಿಸುವ ರೋಗಾಣುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಶಾಂತಿ ಮತ್ತು ರಕ್ಷಣೆಯ ಉದ್ದೇಶಕ್ಕೆ ರೋಗಾಣುಗಳನ್ನು ಇಟ್ಟುಕೊಳ್ಳಲು ಅವಕಾಶವಿದೆ. ಪ್ರಯೋಗಾಲಯದ ಬಾಗಿಲು ತೆರೆಸಿ ನೋಡುವ ತಪಾಸಣೆಯ ಏರ್ಪಾಡು ಇಲ್ಲ. ಆದುದರಿಂದ ಸಂಶೋಧನೆ ಬಹಿರಂಗವಾಗಿ ನಡೆದು ಫಲಿತಾಂಶ ಪ್ರಕಟವಾಗುವುದೇ ಸದ್ಯಕ್ಕೆ ದೊಡ್ಡ ಕಾವಲು. ನಮ್ಮ ದೇಶದಲ್ಲಿ ಕುಲಾಂತರಿ ಜೀವಿಗಳನ್ನು ಬಯಲಿಗೆ ಬಿಡುವ ಮೊದಲು 1989ರ ನಿಯಮಗಳಂತೆ ಒಪ್ಪಿಗೆ ಪಡೆಯಬೇಕು.

ರೈತರು ಮಾಡಬೇಕಾದುದು

ಮೊದಲನೆಯದು, ಊರಿಗೆಲ್ಲ ಒಂದೇ ತಳಿ ಬಿತ್ತಬಾರದು. 1970ರಲ್ಲಿ ಅಮೆರಿಕದ ಮೆಕ್ಕೆಜೋಳದಲ್ಲಿ ಬಹುಪಾಲು ಒಂದೇ ಮೂಲದ ತಳಿಗಳಿದ್ದುದರಿಂದ ಎಲೆ ಅಂಗಮಾರಿ ರೋಗಕ್ಕೆ ಸುಮಾರು ಶೇಕಡಾ 15ರಷ್ಟು ಫಸಲು ಹೋಯಿತು. ಅಲ್ಲಿ ಶತ್ರುವಿನ ಕೈವಾಡವೇನೂ ಇರಲಿಲ್ಲ. ಬಗೆಬಗೆಯ ತಳಿಗಳಿರುವ ಬಯಲನ್ನು ಸುಡುವುದು ರೋಗಕ್ಕೂ ಕಷ್ಟ, ವೈರಿಗೂ ಕಷ್ಟ. ಗಜನಿ ಗದ್ದೆಗಳ ಕಗ್ಗದಂಥ ನಾಡತಳಿಗಳ ಬೀಜವನ್ನು ಕೈಬಿಡಬೇಡಿ.

ಎರಡನೆಯದು, ಹೊರದೇಶದ ಬೀಜ, ಸಸಿಗಳನ್ನು ಪರವಾನಗಿಯಿಲ್ಲದೆ ತರಬಾರದು. 2020ರಲ್ಲಿ ಹಲವು ದೇಶಗಳಲ್ಲಿ ಕೇಳದೆಯೇ ಅಂಚೆಯಲ್ಲಿ ಬೀಜದ ಪೊಟ್ಟಣಗಳು ಬಂದಾಗ ಕೇಂದ್ರ ಕೃಷಿ ಸಚಿವಾಲಯ ಎಚ್ಚರಿಕೆ ನೀಡಿತ್ತು. ಅಂಥದು ಬಂದರೆ ಬಿತ್ತಬೇಡಿ, ಎಸೆಯಲೂ ಬೇಡಿ, ಇಲಾಖೆಗೆ ಒಪ್ಪಿಸಿ.

ಮೂರನೆಯದು, ಹಿಂದೆ ಕಾಣದ ಚುಕ್ಕೆ, ಹುಳು ಕಂಡರೆ ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ. ವಿಸ್ತರಣಾ ಕಾರ್ಯಕರ್ತರು ಮಾದರಿಯನ್ನು ತಡಮಾಡದೆ ಕಳುಹಿಸಬೇಕು.

ಕೊನೆಯದಾಗಿ, ಹೊಸ ಪೀಡೆಗೆಲ್ಲ ಶತ್ರುವಿನ ಹೆಸರು ಹಚ್ಚಬೇಡಿ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡದ್ದು ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆಗ ಬೆಳೆ ಉಳಿಸಲು ನೆರವಾದದ್ದು ಗಾಳಿಮಾತಲ್ಲ. ಹೊಲಕ್ಕೆ ಇಳಿದು ಹುಳುವನ್ನು ಗುರುತಿಸಿ ಬೇಗ ಸುದ್ದಿ ಮುಟ್ಟಿಸಿದವರ ಕೆಲಸ. ಈ ಸಲ ಬೆಂಕಿ ರೋಗದ ಚುಕ್ಕೆ ಕಂಡಾಗಲೂ ಮೊದಲು ಯೂರಿಯಾ ಹಾಕುವುದನ್ನು ನಿಲ್ಲಿಸಿ, ಎಲೆಯನ್ನು ಕಿತ್ತು ತಜ್ಞರಿಗೆ ತೋರಿಸಿ, ಔಷಧಿಯನ್ನು ಕೇಳಿ ಪಡೆಯಿರಿ. ಬೆಳೆಯ ಮೊದಲ ಕಾವಲುಗಾರ ರೈತನೇ.