ಬಟಾಡ್ ಗದ್ದೆಗಳ ನೆತ್ತಿಯ ಕಾಡು

ಏಷ್ಯಾದಲ್ಲಿ ಬದುಕಿನಲ್ಲೊಮ್ಮೆ ನಡೆಯಲೇಬೇಕೆನ್ನುವ ಚಾರಣಗಳ ಸಾಲಿನಲ್ಲಿ ಫಿಲಿಪ್ಪೀನ್ಸಿನ ಇಫುಗಾವೊ ಪ್ರಾಂತ್ಯದ ಬಟಾಡ್ ಗ್ರಾಮವೂ ಇದೆ. ಬಯಲುರಂಗಮಂದಿರದಂತೆ ಬೆಟ್ಟವನ್ನು ಬಳಸಿದ ಭತ್ತದ ಗದ್ದೆಗಳ ಕಲ್ಲುಕಟ್ಟೆಯ ಮೇಲೆ ನಡೆಯುವುದೇ ಅಲ್ಲಿನ ಸಾಹಸ. ಹೋಗುವವರು ಹೋಗಲಿ, ನನ್ನ ತಕರಾರು ಅವರು ನೋಡದೆ ಬರುವುದರ ಕುರಿತು.

ಗದ್ದೆಗಳ ನೆತ್ತಿಯಲ್ಲಿ ‘ಮುಯೋಂಗ್’ ಎಂಬ ಕಾಡುಗಳಿವೆ. ಒಂದೊಂದು ಮನೆತನ ತಲೆಮಾರುಗಳಿಂದ ಕಾಯ್ದುಕೊಂಡದ್ದು. ನಮ್ಮ ಸೊಪ್ಪಿನಬೆಟ್ಟವನ್ನು ನೆನೆದರೆ ಅರ್ಧ ತಿಳಿದಂತೆ. ಮಳೆನೀರನ್ನು ಹಿಡಿದಿಟ್ಟು ಕಾಲುವೆಗೆ ಬಿಡುವುದು ಈ ಕಾಡೇ. ಮೇಲಿನ ಗದ್ದೆ ತುಂಬಿದ ನೀರು ಕೆಳಗಿನದಕ್ಕೆ ಇಳಿಯುತ್ತದೆ. ನಡುವೆ ಒಬ್ಬ ಬೇಸಾಯ ಬಿಟ್ಟನೆನ್ನಿ: ಕೆಸರು ಒಣಗಿ ಬಿರಿಯುತ್ತದೆ, ಮುಂದಿನ ಮಳೆಯ ನೀರು ಬಿರುಕಿಗೆ ಹೊಕ್ಕು ಕಟ್ಟೆ ಕುಸಿಯುತ್ತದೆ, ಕೆಳಗಿನವನ ಗದ್ದೆಯೂ ಹಾಳು.

ಇಫುಗಾವೊದ ಐದು ಗದ್ದೆಸಮೂಹಗಳು 1995ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. 2001ರಲ್ಲಿ ಅಪಾಯಕ್ಕೊಳಗಾದ ತಾಣಗಳ ಪಟ್ಟಿಗೂ ಸೇರಿ, 2012ರಲ್ಲಿ ಹೊರಬಂದವು. ಅಲ್ಲಿನ ‘ತಿನಾವೊನ್’ ಭತ್ತ ವರ್ಷಕ್ಕೆ ಒಂದೇ ಬೆಳೆ. ಪ್ರವಾಸಿಯ ಚೀಲ ಹೊತ್ತರೆ ಸಂಜೆಗೇ ಕೂಲಿ. ಯುವಕರು ಯಾವುದನ್ನು ಆರಿಸಿಕೊಂಡಾರು? ಅವರನ್ನು ದೂರುವುದು ಸಲ್ಲದು. ಪ್ರವಾಸಿಯ ಹಣದಲ್ಲಿ ಕಟ್ಟೆ ಕಟ್ಟುವವನ ಪಾಲೆಷ್ಟು ಎಂದು ಕೇಳಬೇಕು. ವಿದ್ಯಾರ್ಥಿಗಳೇ, ನೀವೆಂದಾದರೂ ಅಲ್ಲಿಗೆ ಹೋದರೆ ರೈತರ ಮನೆಯಲ್ಲೇ ಉಳಿದು, ತಿನಾವೊನ್ ಅನ್ನವನ್ನೇ ಕೇಳಿ ಉಣ್ಣಿರಿ. ಒಂದು ದಿನ ಮುಯೋಂಗ್‌ವರೆಗೂ ಹತ್ತಿ ಬನ್ನಿರಿ.