ನಮ್ಮ ದಾರಿಗೆ ತಕ್ಕ ಸೈಕಲ್ಲು
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಎತ್ತು ಕೊಳ್ಳುವಾಗ ನಾವು ಹಲ್ಲು, ಗೊರಸು, ಹೆಗಲು, ಸುಳಿ ಎಲ್ಲವನ್ನೂ ನೋಡುತ್ತೇವೆ. ಸೈಕಲ್ಲು ಕೊಳ್ಳುವಾಗ ಮಾತ್ರ ಬಣ್ಣ ನೋಡಿ ದುಡ್ಡು ಎಣಿಸುತ್ತೇವೆ. ಈ ತಪ್ಪನ್ನು ನಾನೂ ಮಾಡಿದವನೇ.

ನಾನು ಕೊಂಡದ್ದು ಸಣ್ಣ ಟೈರಿನ, ಥಳಥಳಿಸುವ ಸೈಕಲ್ಲು. ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಒಂದು ಮುಂಗಾರಿನಲ್ಲಿ ರೈತರೊಬ್ಬರಿಗೆ ಬಿತ್ತನೆ ಬೀಜ ಕಟ್ಟಿಕೊಂಡು ಹೊರಟೆ. ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ನಿಲ್ಲಲಿಲ್ಲ. ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿ, ಬೀಜವೆಲ್ಲ ಕೆಸರಿನ ಪಾಲಾಯಿತು. ನನ್ನ ಮೊಣಕೈ ಗಾಯ ಹದಿನೈದು ದಿನದಲ್ಲಿ ಮಾಯಿತು. ಆದರೆ ಆ ರೈತರಿಗೆ ತಪ್ಪಿದ ಬಿತ್ತನೆ ಹದ ತಿರುಗಿ ಬರಲಿಲ್ಲ.

ಆದುದರಿಂದ ಅಂಗಡಿಗೆ ಹೋಗುವ ಮೊದಲು ಮೂರು ಮಾತು ಕೇಳಿಕೊಳ್ಳಿರಿ. ದಾರಿ ಎಂತಹುದು? ಹೊರೆ ಎಷ್ಟು? ಕೆಟ್ಟರೆ ರಿಪೇರಿ ಎಲ್ಲಿ?

ಮೊದಲು ಟೈರು. ಜಲ್ಲಿ, ಗರಸಿನ ದಾರಿಗೆ ಒಂದೂವರೆ ಅಂಗುಲಕ್ಕಿಂತ ಕಡಿಮೆ ಅಗಲದ ಟೈರು ಬೇಡ. ಸಡಿಲ ಮಣ್ಣು, ಮರಳು ಹೆಚ್ಚಿದ್ದರೆ ಎರಡು ಅಂಗುಲದ್ದು ಮೇಲು. ಅಗಲ ಟೈರು ಮಣ್ಣಿನಲ್ಲಿ ಹೂಳುವುದು ಕಡಿಮೆ, ಕಲ್ಲಿನ ಪೆಟ್ಟನ್ನೂ ತಾಳುತ್ತದೆ. ಎರೆಮಣ್ಣಿನ ಊರಿನವರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದು ಇದೆಯೇ ನೋಡಿರಿ. ಸಂದು ಸಾಲದಿದ್ದರೆ ಜಿಗುಟು ಮಣ್ಣು ತುಂಬಿ ಚಕ್ರ ತಿರುಗುವುದಿಲ್ಲ. ಸೈಕಲ್ಲನ್ನು ನಾವೇ ಹೊರಬೇಕಾಗುತ್ತದೆ.

ಎರಡನೆಯದು ಬ್ರೇಕು. ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ಕಟ್ಟೆ ಜಾರುತ್ತದೆ. ನನ್ನನ್ನು ಕೆಡವಿದ್ದು ಇದೇ. ಅಲ್ಯೂಮಿನಿಯಂ ರಿಮ್ಮು ಮಳೆಯಲ್ಲಿ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕ್ ಬ್ರೇಕು ಇನ್ನೂ ಮೇಲು. ಉಕ್ಕಿನ ರಿಮ್ಮೇ ಇದ್ದವರು ಮಳೆಯಲ್ಲಿ ಇಳಿಜಾರು ಬರುವ ಮುನ್ನವೇ ನಿಧಾನ ಮಾಡಿರಿ.

ಮೂರನೆಯದು ಚೌಕಟ್ಟು. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊರುವವರಿಗೆ ಉಕ್ಕಿನ ಚೌಕಟ್ಟು ಒಳ್ಳೆಯದು. ತೂಕ ಹೆಚ್ಚು, ನಿಜ. ಆದರೆ ಮುರಿದರೆ ಬೆಸುಗೆ ಹಾಕಿಸುವುದು ಸುಲಭ. ನಡುದಂಡದ ಮೇಲೆ ಕಾಲು ಹಾಕಿ ನಿಂತಾಗ ಎರಡು ಅಂಗುಲವಾದರೂ ಸಂದಿರಲಿ. ಜಾರಿದಾಗ ಕಾಲು ನೆಲಕ್ಕೆ ಸಿಗಬೇಕು. ಗೇರು ಏರುದಾರಿಯಲ್ಲಿ ನೆರವಾಗುತ್ತದೆ. ಕೆಸರು, ದೂಳು ಮೆತ್ತಿದರೆ ತೊಂದರೆಯನ್ನೂ ಕೊಡುತ್ತದೆ. ಸಮನೆಲದ ಊರಿಗೆ ಗೇರಿಲ್ಲದ್ದೇ ಸಾಕು.

ಇನ್ನೊಂದು ಮಾತು. 28 ಅಂಗುಲ ಎಂದು ಬರೆದ ಟೈರುಗಳೆಲ್ಲ ಒಂದೇ ಅಲ್ಲ. ಒಂದಕ್ಕೆ 635 ಎಂದೂ ಇನ್ನೊಂದಕ್ಕೆ 622 ಎಂದೂ ಟೈರಿನ ಮಗ್ಗುಲಲ್ಲಿ ಅಚ್ಚಾಗಿರುತ್ತದೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಊರ ಹತ್ತಿರದ ರಿಪೇರಿಯವರಲ್ಲಿ ಯಾವುದು ಸಿಗುವುದೋ ಕೇಳಿಕೊಂಡೇ ಸೈಕಲ್ಲು ಕೊಳ್ಳಿರಿ.

ಕಡೆಗೆ, ಸಾಧ್ಯವಾದರೆ ನೆರೆಯವರ ಸೈಕಲ್ಲಿಗೆ ನಿಮ್ಮ ಹೊರೆ ಕಟ್ಟಿ, ನಿಮ್ಮ ಹೊಲದ ದಾರಿಯಲ್ಲೇ ಒಮ್ಮೆ ತುಳಿದು ನೋಡಿರಿ. ಅಂಗಡಿಯ ಮುಂದಿನ ರಸ್ತೆ ನಮ್ಮ ದಾರಿಯಲ್ಲ.