ಹೊಲದ ಲೆಕ್ಕ ಹೋಗುವ ದಾರಿ
(ಕಂಪ್ಲಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಭತ್ತದ ರೋಗವನ್ನೋ ಗೊಬ್ಬರವನ್ನೋ ಕುರಿತು ಹೇಳುತ್ತೇನೆಂದು ನೀವು ಬಂದಿರಬಹುದು. ನಾನು ಹೇಳಹೊರಟಿರುವುದು ಲೆಕ್ಕದ ವಿಷಯ. ಪ್ರಶ್ನೆಗಳ ಹಾಳೆ ಹಿಡಿದು ನಿಮ್ಮ ಮನೆಗೆ ಬಂದು, ಎಕರೆಗೆ ಎಷ್ಟು ಬೀಜ, ಎಷ್ಟು ಆಳು, ಎಷ್ಟು ಚೀಲ ಎಂದು ಕೇಳುವವರುಂಟು. ಆಮೇಲೆ ಅವರು ಆ ಹಾಳೆಯನ್ನು ಏನು ಮಾಡುತ್ತಾರೆ ಎಂದು ಈ ಭಾಗದ ರೈತರು ನನ್ನನ್ನು ಹಲವು ಸಲ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ.

ತಳಿ ವಿಜ್ಞಾನಿಗೆ ಪ್ರಯೋಗದ ತಾಕು ಇರುತ್ತದೆ. ಕೃಷಿ ಅರ್ಥಶಾಸ್ತ್ರಜ್ಞನಿಗೆ ನಿಮ್ಮ ಮನೆಯೇ ತಾಕು. ಒಂದೇ ಊರಿನ ಲೆಕ್ಕದಿಂದ ದೊಡ್ಡ ಮಾತು ಹೇಳಲಾಗದು; ಹೋಲಿಸಿ ನೋಡಲು ಹತ್ತಾರು ಊರುಗಳ ಲೆಕ್ಕ ಬೇಕು. ಆದ್ದರಿಂದ ಈ ಶಾಸ್ತ್ರದವರು ಬಹಳ ಹಿಂದೆಯೇ ದೇಶದ ಗಡಿ ದಾಟಿ ಒಂದುಗೂಡಿದರು. ಅವರ ಮೊದಲ ಅಂತರರಾಷ್ಟ್ರೀಯ ಸಭೆ 1929ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ನಲ್ಲಿ ನಡೆಯಿತು. ಅದನ್ನು ಕರೆದ ಲೆನಾರ್ಡ್ ಎಲ್ಮ್‌ಹರ್ಸ್ಟ್ ನಮ್ಮ ದೇಶಕ್ಕೆ ಹೊಸಬರೇನಲ್ಲ. ರವೀಂದ್ರನಾಥ ಠಾಕೂರರ ಕರೆಯಂತೆ 1921ರಲ್ಲಿ ಬಂಗಾಳಕ್ಕೆ ಬಂದು, ಮುಂದೆ ಶ್ರೀನಿಕೇತನವೆಂದು ಹೆಸರಾದ ಗ್ರಾಮ ಸಂಸ್ಥೆಯನ್ನು ಸುರುಲ್ ಹಳ್ಳಿಯಲ್ಲಿ ಕಟ್ಟಲು ದುಡಿದವರು. ಅವರು ಕಟ್ಟಿದ ಸಂಘಕ್ಕೆ ಸದಸ್ಯರಾಗುವವರು ವ್ಯಕ್ತಿಗಳು, ಸರ್ಕಾರಗಳಲ್ಲ. ಹೀಗಾಗಿ ತನ್ನ ದೇಶದ ಧೋರಣೆ ತಪ್ಪೆಂದು ಕಂಡರೆ ಅಲ್ಲಿ ಹೇಳಬಹುದು. ಈ ಸಂಘದ 10ನೆಯ ಸಮ್ಮೇಳನ 1958ರ ಆಗಸ್ಟ್–ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನಲ್ಲೇ ಜರುಗಿತು. ಮತ್ತೆ ಭಾರತಕ್ಕೆ ಬರಲು 66 ವರ್ಷ ಹಿಡಿಯಿತು. 2024ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಸೇರಿತು.

ಸಮ್ಮೇಳನದಿಂದ ತೆನೆ ಕಟ್ಟುತ್ತದೆಯೇ ಎನ್ನುತ್ತೀರಿ. ಇಲ್ಲ. ಅಂಥ ಸಭೆಗಳಲ್ಲಿ ನಾನೂ ತೂಕಡಿಸಿದ್ದೇನೆ. ಆದರೆ ಅಲ್ಲಿ ಬೆಳೆದ ಪರಿಚಯದಿಂದ ಜಂಟಿ ಕೆಲಸ ಹುಟ್ಟುತ್ತದೆ. ಅಂಥ ಜಂಟಿ ಕೆಲಸ ಹೇಗಿರುತ್ತದೆಂಬುದಕ್ಕೆ ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆಯನ್ನು ನೋಡಿ. 1975ರಲ್ಲಿ ಅದು ಮಹಬೂಬ್‌ನಗರ, ಸೋಲಾಪುರ, ಅಕೋಲಾ ಜಿಲ್ಲೆಗಳ ಆರು ಹಳ್ಳಿಗಳಲ್ಲಿ ಲೆಕ್ಕ ಬರೆಯಲು ತೊಡಗಿತು. ಹಳ್ಳಿಗೆ 40 ಮನೆ. ಅದರಲ್ಲಿ 10 ಭೂಮಿಯಿಲ್ಲದ ಕೂಲಿಯವರ ಮನೆ. ಬರೆಯುವವನು ಆ ಊರಲ್ಲೇ ವಾಸ, ಕೆಲವು ವಾರಕ್ಕೊಮ್ಮೆ ಅದೇ ಮನೆಗೆ ಹೋಗುವುದು. ವರ್ಷಗಟ್ಟಲೆ ನಡೆದ ಈ ಲೆಕ್ಕವನ್ನು ಅನೇಕ ದೇಶಗಳ ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿದ್ದಾರೆ. ಮುಂದೆ, 2009ರ ನಂತರ, ನಮ್ಮ ವಿಜಯಪುರ ಮತ್ತು ತುಮಕೂರು ಜಿಲ್ಲೆಗಳ ಹಳ್ಳಿಗಳೂ ಇದರಲ್ಲಿ ಸೇರಿದವು.

ಇದರಿಂದ ತಿಳಿದದ್ದೇನು? ಒಂದನ್ನು ಮಾತ್ರ ಹೇಳುತ್ತೇನೆ. ಬಡ ರೈತ ಅಂಜುಬುರುಕ, ಅದಕ್ಕೇ ಗೊಬ್ಬರ ಹಾಕುವುದಿಲ್ಲ, ಹೊಸ ಬೀಜ ಬಿತ್ತುವುದಿಲ್ಲ ಎಂದು ಆಗ ಅನೇಕರು ತಿಳಿದಿದ್ದರು. ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿದರು. ನಾಣ್ಯ ಚಿಮ್ಮುವ ಆಟ. ಗೆದ್ದರೆ ಕೊಡುವುದು ನಿಜವಾದ ಹಣ, ದೊಡ್ಡ ಆಟದಲ್ಲಿ ಕೂಲಿಯವನ ತಿಂಗಳ ಗಳಿಕೆಯನ್ನೂ ಮೀರುವಷ್ಟು. 1980ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಣ ದೊಡ್ಡದಾದಾಗ ಬಡವನೂ ಸ್ಥಿತಿವಂತನೂ ಹೆಚ್ಚುಕಡಿಮೆ ಒಂದೇ ರೀತಿ ಎಚ್ಚರ ವಹಿಸಿದರು. ಅಂದರೆ ಕೊರತೆ ಇದ್ದುದು ಧೈರ್ಯದಲ್ಲಲ್ಲ, ಸಾಲ ಸಿಗುವುದರಲ್ಲಿ, ಮಾರುಕಟ್ಟೆಯಲ್ಲಿ, ನಮ್ಮಂಥವರು ಕೊಡಬೇಕಾದ ಮಾಹಿತಿಯಲ್ಲಿ. ವಿಸ್ತರಣಾ ಕಾರ್ಯಕರ್ತರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಆದರೆ ಆ ಹಳ್ಳಿಗಳು ಹೆಚ್ಚಾಗಿ ಮಳೆಯಾಶ್ರಯದವು. ವಿಜಯಪುರದ ಜೋಳದ ಹೊಲದ ಲೆಕ್ಕ ಕಂಪ್ಲಿಯ ಭತ್ತದ ಗದ್ದೆಗೆ ಹೊಂದದು. ವಿಜಯನಗರದ ಅರಸರ ಕಾಲದ ಕಾಲುವೆ, ತುಂಗಭದ್ರಾ ಅಣೆಕಟ್ಟಿನ ನೀರು, ಕಾಲುವೆಯ ಕೊನೆಯ ಗದ್ದೆಯವನ ಕಷ್ಟ, ಇವು ನಿಮ್ಮ ಬಾಯಿಂದಲೇ ಬರಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿರದ ಹಳ್ಳಿಯೊಂದರ ಮನೆಯಲ್ಲಿ ಭತ್ತದ ಖರ್ಚು ಬರೆಯುತ್ತಿದ್ದೆ. ಯಜಮಾನರು ಉಳುಮೆ, ಗೊಬ್ಬರ, ನಾಟಿ ಆಳಿನ ಕೂಲಿ ಎಲ್ಲ ಹೇಳಿದರು. ಪುಸ್ತಕ ಮುಚ್ಚುವಾಗ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ತಾಯಿ ಕೇಳಿದರು: "ಆಳಿಂದು ಬರಕೊಂಡ್ರಿ. ನಾನು, ನನ್ನ ಸೊಸಿ ದಿನಾ ಕಳೆ ಕಿತ್ತಿದ್ದು ಯಾವ ಪುಸ್ತಕದಾಗ ಬರೀತೀರಿ?" ಅಲ್ಲಿಯವರೆಗೆ ನಾನು ಬರೆದ ಮನೆಗಳ ಹಾಳೆ ತಿರುವಿ ನೋಡಿದೆ. ಒಂದರಲ್ಲೂ ಹೆಂಗಸರ ದಿನಗಳಿರಲಿಲ್ಲ. ಎಲ್ಲ ಮನೆಗಳಿಗೂ ಮತ್ತೆ ಹೋದೆ.

ಇದು ಬರಿಯ ಪುಸ್ತಕದ ಮಾತಲ್ಲ. 1970–71ರಿಂದ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಬೇಸಾಯದ ಖರ್ಚಿನ ಲೆಕ್ಕ ಸಂಗ್ರಹವಾಗುತ್ತಿದೆ. ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಅದನ್ನೇ ಆಧರಿಸುತ್ತದೆ. ಕೈಯಿಂದ ಹೋದ ಖರ್ಚಿಗೆ ಮನೆಮಂದಿಯ ದುಡಿಮೆಯ ಬೆಲೆ ಕೂಡಿಸಿ, ಅದರ ಒಂದೂವರೆ ಪಟ್ಟಿಗೆ ಕಡಿಮೆಯಾಗದಂತೆ ಬೆಲೆ ಎಂಬುದು 2018ರಿಂದ ಕೇಂದ್ರ ಸರ್ಕಾರದ ಧೋರಣೆ. ಸ್ವಂತ ಜಮೀನಿನ ಗೇಣಿಯನ್ನೂ ಸೇರಿಸಬೇಕೆಂಬ ರೈತರ ಬೇಡಿಕೆ ಬೇರೆಯೇ ಇದೆ. ಅದು ನನಗೂ ಒಪ್ಪಿಗೆ. ಅದು ಹಾಗಿರಲಿ, ಸೊಸೆ ಕಳೆ ಕಿತ್ತ ದಿನಗಳು ಹಾಳೆಯಲ್ಲಿ ಬಿಟ್ಟುಹೋದರೆ ಖರ್ಚು ಕಡಿಮೆಯೆಂದೇ ಬರುತ್ತದೆ.

ಆದ್ದರಿಂದ ಈ ಸಲದ ನಾಟಿಯಿಂದಲೇ ಒಂದು ನೋಟು ಪುಸ್ತಕ ಇಡಿ. ತಾರೀಖು, ಕೆಲಸ, ಹೊರಗಿನ ಆಳು, ಮನೆಯ ಗಂಡಸರು, ಮನೆಯ ಹೆಂಗಸರು, ಕೊಟ್ಟ ಹಣ: ಆರು ಮನೆ ಗೆರೆ ಹಾಕಿದರೆ ಸಾಕು. ಶಾಲೆಗೆ ಹೋಗುವ ಮಗಳು ರಾತ್ರಿ ಬರೆಯಲಿ. ಕೇಳಲು ಬಂದವರಿಗೆ ಜಮೀನನ್ನು ಮುಚ್ಚಿಡಬೇಡಿ, ಇಳುವರಿಯನ್ನು ಹಿಗ್ಗಿಸಬೇಡಿ. ಹೋಗುವಾಗ ಅವರ ಹೆಸರು, ಕಚೇರಿ ಬರೆದುಕೊಂಡು, "ಫಲಿತಾಂಶ ಕನ್ನಡದಲ್ಲಿ ನಮ್ಮೂರಿಗೆ ಎಂದು ತರುತ್ತೀರಿ?" ಎಂದು ಕೇಳಿ ತಾರೀಖು ಹಾಕಿಸಿಕೊಳ್ಳಿ.